ವೈರಿನಲ್ಲಿ 94, ವೈಫೈನಲ್ಲಿ 190: ನಿಧಾನ ಇಂಟರ್ನೆಟ್ಟಿನ ಜಾಡು ಹಿಡಿಯುವ ಬಗೆ

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆ. ಮಹಡಿ ಮೇಲಿನ ಸಣ್ಣ ರೂಮಿನಲ್ಲಿ ಕೂತು ಮದುವೆ ಆಲ್ಬಂ ಡಿಸೈನ್ ಮಾಡುವುದು ನನ್ನ ಕೆಲಸ. ಫೋಟೋಗ್ರಾಫರುಗಳು ಒಂದೊಂದು ಮದುವೆಗೆ 12 ಜಿಬಿ ಫೋಟೋ ಕಳಿಸುತ್ತಾರೆ. ಧಾರೆಯದ್ದು, ಆರತಕ್ಷತೆಯದ್ದು, ಜೊತೆಗೆ ಊಟದ ಪಂಕ್ತಿಯದ್ದೇ ಮುನ್ನೂರು. ಅಷ್ಟನ್ನೂ ಇಳಿಸಿಕೊಳ್ಳಬೇಕು, ಆಮೇಲೆ ಪುಟಗಳನ್ನು ಮಾಡಿ ವಾಪಸ್ ಏರಿಸಬೇಕು. ಹಾಗಾಗಿ ಕಳೆದ ವರ್ಷ 100 ಎಂಬಿಪಿಎಸ್ ಪ್ಲಾನ್ ಬಿಟ್ಟು 200ರದ್ದು ಹಾಕಿಸಿದೆ.

ದುಡ್ಡು ಜಾಸ್ತಿ ಆಯಿತು, ಸ್ಪೀಡು ಆಗಲಿಲ್ಲ. 12 ಜಿಬಿ ಇಳಿಯಲು ಮೊದಲೂ 17 ನಿಮಿಷ, ಆಮೇಲೂ 17 ನಿಮಿಷ. ಫೋನ್ ಮಾಡಿದ ಮೇಲೆ ಕಂಪನಿಯ ಹುಡುಗ ಬಂದ. ಮಹಡಿಯ ನನ್ನ ಕಂಪ್ಯೂಟರಿಗೆ ವೈರ್ ಬಂದಿರುವುದು ಹಾಲ್‌ನಲ್ಲಿರುವ ರೂಟರಿನಿಂದ. ಅವನು ಆ ರೂಟರ್ ಪಕ್ಕ ನಿಂತು ತನ್ನ ಮೊಬೈಲಿನ ವೈಫೈನಲ್ಲಿ ಸ್ಪೀಡ್ ಟೆಸ್ಟ್ ಮಾಡಿ 190 ತೋರಿಸಿದ. 'ನೋಡಿ ಮೇಡಂ, ಲೈನ್ ಚೆನ್ನಾಗೇ ಇದೆ. ನಿಮ್ಮ ಕಂಪ್ಯೂಟರ್ ಹಳೇದಾಯ್ತು, ಬೇರೆ ತಗೊಳ್ಳಿ' ಅಂದ. ನಾನು ಎರಡು ತಿಂಗಳು ಅದನ್ನೇ ನಂಬಿಕೊಂಡಿದ್ದೆ. ಹೊಸ ಕಂಪ್ಯೂಟರಿಗೆ ರೇಟೂ ಕೇಳಿ ಬಂದಿದ್ದೆ.

ಕೊನೆಗೆ ಸಿಕ್ಕಿದ್ದು ಕಿಟಕಿ ಬಾಗಿಲಿಗೆ ಸಿಕ್ಕಿ ಜಜ್ಜಿಹೋದ ಒಂದು ಕೇಬಲ್. ಅದನ್ನು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಆದರೆ ಒಂದು ವಿಷಯ ಗೊತ್ತಾಯಿತು: ಸ್ಪೀಡ್ ಟೆಸ್ಟ್‌ನಲ್ಲಿ ಬರುವ ನಂಬರನ್ನು ಸರಿಯಾಗಿ ಓದಿದರೆ, ತೊಂದರೆ ಯಾವ ಕಡೆ ಇದೆ ಅನ್ನೋದನ್ನ ಅರ್ಧ ಅದೇ ಹೇಳುತ್ತದೆ.

ಮೊದಲು ಸರಿಯಾಗಿ ಅಳೆಯಿರಿ

ಕಂಪ್ಯೂಟರಿನ ವೈಫೈ ಆಫ್ ಮಾಡಿ. ಇದನ್ನು ಬಿಟ್ಟುಬಿಡಬೇಡಿ. ವೈರ್ ಸಿಕ್ಕಿಸಿದ್ದೇವೆ ಅಂದುಕೊಂಡಿರುತ್ತೇವೆ, ವೈರ್ ಸತ್ತುಹೋಗಿ ಕಂಪ್ಯೂಟರು ಸದ್ದಿಲ್ಲದೆ ವೈಫೈಗೆ ಜಾರಿರುತ್ತದೆ. ವೈಫೈ ಆಫ್ ಮಾಡಿದ ತಕ್ಷಣ ಇಂಟರ್ನೆಟ್ಟೇ ಹೋಯಿತು ಅಂದರೆ ನಿಮ್ಮ ಹುಡುಕಾಟ ಅಲ್ಲೇ ಮುಗಿಯಿತು, ವೈರನ್ನು ನೋಡಿ.

ಮನೆಯವರ ಫೋನು, ಟಿವಿ ಎಲ್ಲವನ್ನೂ ಹತ್ತು ನಿಮಿಷ ನೆಟ್‌ನಿಂದ ಬಿಡಿಸಿ. ನಮ್ಮನೆಯವರು ಕ್ರಿಕೆಟ್ ನೋಡುತ್ತಿದ್ದಾಗ ಟೆಸ್ಟ್ ಮಾಡಿ, ಆ ನಂಬರನ್ನೇ ಹಿಡಿದುಕೊಂಡು ಕಂಪನಿಗೆ ಬೈದವಳು ನಾನು. ಬ್ರೌಸರಿನಲ್ಲಿ ಒಂದೇ ಟ್ಯಾಬ್ ಇರಲಿ. ಆಫೀಸಿನ ವಿಪಿಎನ್ ಇದ್ದರೆ ಆಫ್ ಆಗಿರಲಿ. ಮೂರು ಸಲ ಟೆಸ್ಟ್ ಮಾಡಿ, ಮೂರನ್ನೂ ಪೇಪರಿನಲ್ಲಿ ಬರೆದಿಡಿ.

ಇನ್ನೊಂದು ಗೊಂದಲ. ಪ್ಲಾನ್‌ನಲ್ಲಿ 200 ಅಂತ ಇರುವುದು ಮೆಗಾಬಿಟ್. ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್. ಎಂಟು ಬಿಟ್ ಸೇರಿ ಒಂದು ಬೈಟ್. ಆದ್ದರಿಂದ 200ರ ಪ್ಲಾನಿನಲ್ಲಿ ಸೆಕೆಂಡಿಗೆ 24 ಎಂಬಿ ಬರುತ್ತಿದ್ದರೆ ನಿಮಗೆ ಯಾವ ತೊಂದರೆಯೂ ಇಲ್ಲ, ಸುಮ್ನೆ ಯಾರ ಮೇಲೂ ಜಗಳಕ್ಕೆ ಹೋಗಬೇಡಿ. ನನಗೆ ಬರುತ್ತಿದ್ದದ್ದು 11.7. ಎಂಟರಿಂದ ಗುಣಿಸಿದರೆ ಸುಮಾರು 94.

94 ಅನ್ನುವ ನಂಬರು

ನನ್ನ ಪೇಪರಿನಲ್ಲಿ ಇದ್ದದ್ದು 94.1, 93.8, 94.3. ಬೆಳಗ್ಗೆಯೂ ಅಷ್ಟೇ, ರಾತ್ರಿಯೂ ಅಷ್ಟೇ. ನಿಜವಾಗಿ ಲೈನ್ ನಿಧಾನ ಇದ್ದರೆ ನಂಬರು ಹೀಗೆ ಗೆರೆ ಎಳೆದ ಹಾಗೆ ನಿಲ್ಲುವುದಿಲ್ಲ. ಒಮ್ಮೆ 60, ಒಮ್ಮೆ 130, ಹೀಗೆ ಕುಣಿಯುತ್ತದೆ. ಹತ್ತು ಸಲಕ್ಕೂ 94ರ ಹತ್ತಿರವೇ ನಿಂತರೆ, ಎಲ್ಲೋ ಒಂದು ಕಡೆ ಗೇಟ್ ಹಾಕಿದೆ ಅಂತ ಅರ್ಥ.

ಈಥರ್ನೆಟ್ ವೈರಿನಲ್ಲಿ, ಅಂದರೆ ರೂಟರಿನಿಂದ ಕಂಪ್ಯೂಟರಿಗೆ ಬರುವ ಈ ನೆಟ್ ವೈರಿನಲ್ಲಿ, ಸ್ಪೀಡಿಗೆ ಮೆಟ್ಟಿಲುಗಳಿವೆ. ಮನೆಗಳಲ್ಲಿ ಕಾಣುವುದು 10, 100, 1000. ನಡುವೆ 400, 600 ಅಂತೆಲ್ಲ ಇಲ್ಲ. ವೈರ್ ಸಿಕ್ಕಿಸಿದ ಕೂಡಲೇ ಆ ಕಡೆ ರೂಟರು, ಈ ಕಡೆ ಕಂಪ್ಯೂಟರು ಮಾತಾಡಿಕೊಂಡು ಇಬ್ಬರಿಗೂ ಆಗುವ ಮೆಟ್ಟಿಲಲ್ಲಿ ನಿಲ್ಲುತ್ತವೆ. 100ರ ಮೆಟ್ಟಿಲಲ್ಲಿ ನಿಂತರೆ ನಮ್ಮ ಕೈಗೆ ಪೂರ್ತಿ 100 ಸಿಗುವುದಿಲ್ಲ. ಮೂಟೆ ತೂಗಿದಾಗ ಅಕ್ಕಿಯ ಜೊತೆ ಗೋಣಿಚೀಲದ ತೂಕವೂ ಸೇರುವುದಿಲ್ವಾ, ಹಾಗೆ. ಡೇಟಾ ಹೋಗುವುದು ಪುಟ್ಟ ಪುಟ್ಟ ಪೊಟ್ಟಣಗಳಾಗಿ. ಒಂದೊಂದು ಪೊಟ್ಟಣದಲ್ಲಿ 1460 ಬೈಟ್ ಸರಕು ಹೋದರೆ, ವಿಳಾಸ, ಲೆಕ್ಕ, ನಡುವಿನ ಬಿಡುವು ಎಲ್ಲ ಸೇರಿ ವೈರಿನ ಮೇಲೆ 1538 ಬೈಟಿನ ಜಾಗ ಬೇಕು. ಭಾಗಿಸಿ ನೋಡಿ, ಸುಮಾರು 95. ಅದಕ್ಕೇ 100ರ ಮೆಟ್ಟಿಲಿನವರಿಗೆ 94, 95. 1000ದ ಮೆಟ್ಟಿಲಿನವರಿಗೆ, ಅಷ್ಟು ದೊಡ್ಡ ಪ್ಲಾನ್ ಇದ್ದರೆ, 940ರ ಆಸುಪಾಸು.

ಆಗ ಹೊಳೆದದ್ದು, ಈ ತೊಂದರೆ ನನ್ನ ಮನೆಯಲ್ಲಿ ಮೊದಲಿನಿಂದಲೂ ಇತ್ತು. 100ರ ಪ್ಲಾನ್ ಇದ್ದಾಗ 94 ಬಂದರೆ ಯಾರು ತಾನೇ ಅನುಮಾನ ಪಡುತ್ತಾರೆ?

ಊಹೆ ಬೇಡ, ಕಂಪ್ಯೂಟರನ್ನೇ ಕೇಳಿ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ಈಥರ್ನೆಟ್ ಒತ್ತಿ. ಕೆಳಗೆ 'ಲಿಂಕ್ ಸ್ಪೀಡ್' ಅನ್ನುವ ಸಾಲು ಇರುತ್ತದೆ. 1000/1000 ಅಂತ ಇದ್ದರೆ ವೈರ್ ಚೆನ್ನಾಗಿದೆ. 100/100 ಅಂತ ಇದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ಹಳೆಯ ವಿಂಡೋಸ್ ಆದರೆ ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರಿಗೆ ಹೋಗಿ, 'ಈಥರ್ನೆಟ್' ಅನ್ನುವ ನೀಲಿ ಅಕ್ಷರ ಒತ್ತಿದರೆ ಅದೇ ಮಾಹಿತಿ 'ಸ್ಪೀಡ್' ಅಂತ ಕಾಣುತ್ತದೆ.

ರೂಟರಿನ ಹಿಂದೆ ಮಿನುಗುವ ಹಸಿರು, ಕಿತ್ತಳೆ ದೀಪ ನೋಡಿ ತೀರ್ಮಾನ ಮಾಡಬೇಡಿ. ಒಂದೊಂದು ಕಂಪನಿಯ ಡಬ್ಬಿಯಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಅರ್ಥ.

ನನ್ನದರಲ್ಲಿ 100/100 ಇತ್ತು. ನನ್ನ 'ಹಳೇ' ಕಂಪ್ಯೂಟರಿನ ಮದರ್‌ಬೋರ್ಡ್ ಹೆಸರು ಹುಡುಕಿ ನೋಡಿದರೆ ಅದಕ್ಕೆ 1000ದ ಪೋರ್ಟ್ (ವೈರ್ ಸಿಕ್ಕಿಸುವ ತೂತು) ಇದೆ. ಎರಡು ತಿಂಗಳು ಆ ಬಡಪಾಯಿಯನ್ನು ಬೈದಿದ್ದೆ!

ಗೇಟ್ ಎಲ್ಲಿದೆ?

ಕಂಪ್ಯೂಟರಿನಿಂದ ರೂಟರ್‌ವರೆಗೆ ಇರುವುದು ನಾಲ್ಕೇ ಸಾಮಾನು: ಕಂಪ್ಯೂಟರಿನ ಪೋರ್ಟು, ಕೇಬಲ್ಲು, ನಡುವೆ ಸ್ವಿಚ್ ಡಬ್ಬಿ (ಒಂದು ನೆಟ್ ವೈರನ್ನು ಹಲವು ವೈರಿಗೆ ಹಂಚುವುದು) ಇದ್ದರೆ ಅದು, ರೂಟರಿನ ಪೋರ್ಟು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ, ಲಿಂಕ್ ಸ್ಪೀಡ್ ನೋಡಿ. ಮೂರನ್ನು ಒಟ್ಟಿಗೆ ಬದಲಾಯಿಸಿ ಸರಿಯಾದರೆ ಯಾವುದರಿಂದ ಸರಿಯಾಯಿತು ಅನ್ನೋದು ದೇವರಿಗೇ ಗೊತ್ತು.

ಮೊದಲು ರೂಟರಿನಲ್ಲಿ ಬೇರೆ ತೂತಿಗೆ ಸಿಕ್ಕಿಸಿ. ಮನೆಗಳಿಗೆ ಕೊಡುವ ಅಗ್ಗದ ಫೈಬರ್ ಡಬ್ಬಿಗಳಲ್ಲಿ ಎಷ್ಟೋ ಸಲ ಒಂದೇ ಪೋರ್ಟು 1000ದ್ದು, ಉಳಿದದ್ದು 100ರದ್ದು. ಕೆಲವದರಲ್ಲಿ 'ಜಿಇ', 'ಎಫ್‌ಇ' ಅಂತ ಬರೆದಿರುತ್ತದೆ. ಜಿಇ ಅಂದರೆ 1000, ಎಫ್‌ಇ ಅಂದರೆ 100. ಇದಕ್ಕೆ ಖರ್ಚೇ ಇಲ್ಲ, ಅದಕ್ಕೇ ಮೊದಲು.

ನಡುವೆ ಸ್ವಿಚ್ ಇದ್ದರೆ ಮಗುಚಿ ಅಡಿ ನೋಡಿ. '10/100' ಅಂತ ಮಾತ್ರ ಇದ್ದರೆ ಅದೇ ಗೇಟು. '10/100/1000' ಇರಬೇಕು.

ಕಂಪ್ಯೂಟರಿನ ಕಡೆ ಎರಡು ವಿಷಯ. ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಾಂಗಲ್ ಮೂಲಕ ವೈರ್ ಹಾಕಿದ್ದರೆ, ಡಾಂಗಲ್ಲೇ 100ರದ್ದಾಗಿರಬಹುದು. ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಆದದ್ದು ಅದೇ. ಇನ್ನೊಂದು, ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್ಡ್ ಅನ್ನುವಲ್ಲಿ 'ಸ್ಪೀಡ್ ಅಂಡ್ ಡೂಪ್ಲೆಕ್ಸ್' ನೋಡಿ. ಅದು 'ಆಟೋ ನೆಗೋಸಿಯೇಷನ್' ಆಗಿರಬೇಕು. ಯಾರೋ ಬುದ್ಧಿವಂತರು ಅಲ್ಲಿ '100 ಫುಲ್ ಡೂಪ್ಲೆಕ್ಸ್' ಅಂತ ಕಟ್ಟಿಹಾಕಿದ್ದರೆ 94 ಬರುವುದಿರಲಿ, ಇನ್ನೂ ಕೆಟ್ಟದಾಗಬಹುದು. ಒಂದು ಕಡೆ ಕಟ್ಟಿಹಾಕಿ ಇನ್ನೊಂದು ಕಡೆ ಆಟೋ ಇದ್ದರೆ, ಆಟೋ ಇರುವ ಕಡೆಯದು ಎದುರಿನವರ ಒಪ್ಪಂದ ತಿಳಿಯದೆ ಹಾಫ್ ಡೂಪ್ಲೆಕ್ಸಿಗೆ, ಅಂದರೆ ಒಂದು ಸಲಕ್ಕೆ ಒಬ್ಬರೇ ಮಾತಾಡುವ ಪದ್ಧತಿಗೆ, ಇಳಿದುಬಿಡುತ್ತದೆ. ಒಬ್ಬರು ಮಾತಾಡುತ್ತಲೇ ಇರುತ್ತಾರೆ, ಇನ್ನೊಬ್ಬರು ಸರದಿ ಕಾಯುತ್ತಾರೆ. ಕೆಲಸ ಜೋರಾದಷ್ಟೂ ಸ್ಪೀಡ್ ಬೀಳುತ್ತದೆ.

ನನ್ನ ಮನೆಯಲ್ಲಿ ಇದ್ಯಾವುದೂ ಅಲ್ಲ. ಹಾಗಾಗಿ ಕಂಪ್ಯೂಟರನ್ನೇ ಹೊತ್ತುಕೊಂಡು ಕೆಳಗೆ ಹಾಲ್‌ಗೆ ತಂದೆ. ರೂಟರ್ ಜೊತೆ ಡಬ್ಬದಲ್ಲಿ ಬಂದಿದ್ದ ಒಂದು ಮೀಟರ್ ಕೇಬಲ್ ಹಾಕಿದೆ. 1000/1000! ಟೆಸ್ಟ್ ಮಾಡಿದರೆ 191. ಅಲ್ಲಿಗೆ ಉಳಿದದ್ದು ಹಾಲ್‌ನಿಂದ ಕಿಟಕಿ ದಾಟಿ, ಗೋಡೆಗುಂಟ ಮಹಡಿಗೆ ಹೋಗುವ 18 ಮೀಟರ್ ಉದ್ದದ ಕೇಬಲ್ ಒಂದೇ.

ಎಂಟು ಎಳೆಗಳ ಕಥೆ

ಕೇಬಲ್ ಒಳಗೆ ಎಂಟು ಎಳೆ ಇರುತ್ತವೆ, ಎರಡೆರಡು ಹೊಸೆದ ನಾಲ್ಕು ಜೋಡಿ. 100ರ ಮೆಟ್ಟಿಲಿಗೆ ಎರಡು ಜೋಡಿ ಸಾಕು: ಪ್ಲಗ್ಗಿನ 1, 2, 3 ಮತ್ತು 6ನೇ ಪಿನ್ನುಗಳು. ಸಾಮಾನ್ಯ ಜೋಡಣೆಯಲ್ಲಿ ಅವು ಕಿತ್ತಳೆ ಮತ್ತು ಹಸಿರು ಜೋಡಿ. 1000ಕ್ಕೆ ಎಂಟೂ ಬೇಕು. ಈಗ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದೇ ಒಂದು ಎಳೆ ಕಡಿದರೂ ನೆಟ್ ನಿಲ್ಲುವುದಿಲ್ಲ. ಮೇಲಿನ ಮೆಟ್ಟಿಲು ಸಾಧ್ಯವಿಲ್ಲ ಅಂತ ಸುಮ್ಮನೆ 100ಕ್ಕೆ ಇಳಿದು ನಡೆಯುತ್ತಿರುತ್ತದೆ. ಎರರ್ ಬರುವುದಿಲ್ಲ, ಕೆಂಪು ದೀಪ ಬರುವುದಿಲ್ಲ. ಪೂರ್ತಿ ಕೆಟ್ಟಿದ್ದರೆ ಅದೇ ದಿನ ಸರಿ ಮಾಡಿಸುತ್ತಿದ್ದೆ. ಅರ್ಧ ಕೆಟ್ಟದ್ದೇ ಕಷ್ಟ.

ಮಳೆಗಾಲದಲ್ಲಿ ಇರಚಲು ಬಾರದಂತೆ ನಾವು ಕಿಟಕಿ ಬಾಗಿಲನ್ನು ಜೋರಾಗಿ ಎಳೆದು ಚಿಲಕ ಹಾಕುತ್ತಿದ್ದೆವು. ಪ್ರತಿ ಸಲ ಚೌಕಟ್ಟಿನ ಮೂಲೆಯಲ್ಲಿ ಕೇಬಲ್ ಜಜ್ಜುತ್ತಿತ್ತು. ಸಿಪ್ಪೆ ಸುಲಿದು ನೋಡಿದರೆ ಕಂದು ಎಳೆ ತುಂಡಾಗಿತ್ತು. ಚಾಕುವಿನಿಂದ ಕೆರೆದಾಗ ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅದು ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ. ಅಂಗಡಿಯವರು ಇದನ್ನು 'ಸಿಸಿಎ' ಅನ್ನುತ್ತಾರೆ. ಎರಡು ಮೂರು ಸಲ ಮಡಚಿದರೆ ಪಟ್ಟನೆ ಮುರಿಯುತ್ತದೆ. ಕೇಬಲ್ ಕೊಳ್ಳುವಾಗ 'ಪೂರ್ತಿ ತಾಮ್ರದ್ದು, ಕ್ಯಾಟ್ 5ಇ ಅಥವಾ ಕ್ಯಾಟ್ 6' ಅಂತ ಕೇಳಿ. ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ 1000ದ ಸ್ಪೀಡ್ ಒಯ್ಯುತ್ತದೆ. ನಮ್ಮ ಮನೆಗಳಿಗೆ ಕ್ಯಾಟ್ 8ರ ದಪ್ಪ ಹಗ್ಗ ಯಾಕೆ ಬೇಕೋ ನನಗಂತೂ ಗೊತ್ತಿಲ್ಲ.

ಕೇಬಲ್ ನಡುವೆ ಕಡಿದಿದ್ದರೆ ಬೇರೆ ಹಾಕುವುದೇ ಮೇಲು, ಎಳೆ ಹೊಸೆದು ಟೇಪ್ ಸುತ್ತುವ ಸಾಹಸ ಬೇಡ. ತುದಿಯ ಪ್ಲಗ್ ಮಾತ್ರ ಕೆಟ್ಟಿದ್ದರೆ ಹೊಸ ಪ್ಲಗ್ ಹಾಕಬಹುದು. ನಾನು ಕ್ರಿಂಪಿಂಗ್ ಟೂಲ್ (ಪ್ಲಗ್ಗನ್ನು ಕೇಬಲ್ಲಿಗೆ ಒತ್ತಿ ಕೂರಿಸುವ ಇಕ್ಕಳ) ತಂದು ಕಲಿತೆ. ಮೊದಲ ನಾಲ್ಕು ಪ್ಲಗ್ ಹಾಳು ಮಾಡಿದ ಮೇಲೆ ಐದನೆಯದು ಕೂತಿತು. ಪ್ಲಗ್ಗಿನ ಕ್ಲಿಪ್ಪು ಕೆಳಗೆ, ಬಾಯಿ ನಿಮ್ಮ ಕಡೆ ಇರುವಂತೆ ಹಿಡಿದುಕೊಳ್ಳಿ. ಎಳೆಗಳು ಒಳಹೋಗುವ ತೂತನ್ನೇ ನಾನು ಬಾಯಿ ಅಂದದ್ದು. ಆಗ ಎಡದಿಂದ ಬಲಕ್ಕೆ ಬಣ್ಣಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಇಬ್ಬರ ನಡುವೆ ನೀಲಿ ಜೋಡಿ ಬಂದು ಕೂರುತ್ತದೆ, ಎಲ್ಲರೂ ತಪ್ಪುವುದು ಅಲ್ಲೇ. ಎರಡೂ ತುದಿಯಲ್ಲಿ ಇದೇ ಸಾಲು ಇರಬೇಕು. ಹೊಸೆದಿರುವುದನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಡಿಸಬೇಡಿ. ಹೊಸೆದಿರುವುದು ಚೆಂದಕ್ಕಲ್ಲ, ಒಂದರ ಸಿಗ್ನಲ್ ಇನ್ನೊಂದಕ್ಕೆ ತಾಗದಿರಲಿ ಅಂತ.

ಹೊಸ ಕೇಬಲನ್ನು ಈಗ ಕಿಟಕಿಯಲ್ಲಿ ಬಿಟ್ಟಿಲ್ಲ. ಗೋಡೆಗೆ ಡ್ರಿಲ್ ಹಾಕಿಸಿ ಪೈಪಿನಲ್ಲಿ ಒಯ್ದಿದ್ದೇವೆ. 12 ಜಿಬಿ ಎಂಟೂವರೆ ನಿಮಿಷಕ್ಕೆ ಇಳಿಯುತ್ತಿದೆ.

ಲಿಂಕ್ 1000 ಇದ್ದೂ ನಿಧಾನ ಇದ್ದರೆ

ಇದು ನಮ್ಮ ಎದುರುಮನೆಯ ಮೇಷ್ಟ್ರ ಕೇಸು. ಅವರ ಕಂಪ್ಯೂಟರಿನಲ್ಲಿ 1000/1000 ಇದೆ, ಆದರೆ ಹೊರದೇಶದಲ್ಲಿರುವ ಮಗಳ ಜೊತೆ ವಿಡಿಯೋ ಕಾಲ್ ಮಾಡಿದರೆ ಮಾತು ಕಡಿಯುತ್ತದೆ. ಸ್ಪೀಡ್ ಟೆಸ್ಟ್ ನಂಬರು ಕುಣಿಯುತ್ತದೆ.

ಮೊದಲು ಕಂಪ್ಯೂಟರಿನಲ್ಲಿ ಯಾರು ನೆಟ್ ತಿನ್ನುತ್ತಿದ್ದಾರೆ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು 'ನೆಟ್‌ವರ್ಕ್' ಕಾಲಮ್ ಮೇಲೆ ಒತ್ತಿದರೆ ಜಾಸ್ತಿ ತಿನ್ನುವವರು ಮೇಲೆ ಬರುತ್ತಾರೆ. ಫೋಟೋಗಳನ್ನು ಕ್ಲೌಡ್‌ಗೆ ಏರಿಸುವ ಪ್ರೋಗ್ರಾಂ ಇದ್ದರೆ ಅದನ್ನು ನಿಲ್ಲಿಸಿ. ಏರಿಸುವ ದಾರಿ ತುಂಬಿಹೋದರೆ ಇಳಿಸುವುದೂ ತಡೆಯುತ್ತದೆ, ಯಾಕೆಂದರೆ 'ಬಂತು, ಮುಂದಿನದು ಕಳಿಸು' ಅನ್ನುವ ಉತ್ತರ ಹೋಗಬೇಕಾದ್ದೂ ಅದೇ ದಾರಿಯಲ್ಲಿ. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ 'ಡೆಲಿವರಿ ಆಪ್ಟಿಮೈಸೇಷನ್' ಅಂತ ಇದೆ. ಇಂಟರ್ನೆಟ್ಟಿನ ಬೇರೆ ಕಂಪ್ಯೂಟರುಗಳಿಗೂ ಅಪ್‌ಡೇಟ್ ಹಂಚುವ ಆಯ್ಕೆ ಅಲ್ಲಿ ಆನ್ ಇದ್ದರೆ ಆಫ್ ಮಾಡಿ.

ಮೇಷ್ಟ್ರಲ್ಲಿ ಅಂಥವರು ಯಾರೂ ಇರಲಿಲ್ಲ. ಆಗ ಪಿಂಗ್ ಮಾಡಿದೆವು, ಅಂದರೆ ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೋ, ಎಷ್ಟು ಹೊತ್ತಿಗೆ ಬರುತ್ತದೋ ನೋಡಿದೆವು. ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನಲ್ಲಿ ಒಂದೇ ಪದವಾಗಿ 'ಐಪಿಕಾನ್ಫಿಗ್' ಅಂತ ಟೈಪ್ ಮಾಡಿದರೆ 'ಡಿಫಾಲ್ಟ್ ಗೇಟ್‌ವೇ' ಎದುರು ರೂಟರಿನ ವಿಳಾಸ ಸಿಗುತ್ತದೆ. ಹೆಚ್ಚಾಗಿ 192.168.1.1 ಅಥವಾ 192.168.0.1. ಆಮೇಲೆ 'ಪಿಂಗ್', ಒಂದು ಜಾಗ, ಆ ವಿಳಾಸ, ಮತ್ತೆ ಜಾಗ, 'ಮೈನಸ್ ಟಿ' ಹೊಡೆಯಿರಿ. ಮೈನಸ್ ಅಂದರೆ ಅಡ್ಡಗೆರೆ, ಅದಕ್ಕೆ ಅಂಟಿಕೊಂಡೇ 'ಟಿ' ಅಕ್ಷರ. ಸಾಲು ಸಾಲಾಗಿ ಉತ್ತರ ಬರುತ್ತಾ ಹೋಗುತ್ತದೆ. ಐದು ನಿಮಿಷ ಬಿಟ್ಟು ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ನಿಂತು ಲೆಕ್ಕ ಒಪ್ಪಿಸುತ್ತದೆ. ವೈರಿನಲ್ಲಿ ರೂಟರಿನವರೆಗೆ ಒಂದೆರಡು ಮಿಲಿಸೆಕೆಂಡಿನೊಳಗೆ ಉತ್ತರ ಬರಬೇಕು, 'ಲಾಸ್', ಅಂದರೆ ಉತ್ತರವೇ ಬಾರದೆ ಹೋದವುಗಳ ಲೆಕ್ಕ, ಸೊನ್ನೆ ಇರಬೇಕು. ಇಲ್ಲಿಯೇ ಲಾಸ್ ಇದ್ದರೆ ಮತ್ತೆ ಕೇಬಲ್, ಪ್ಲಗ್ಗಿನ ಕಡೆಗೆ ಹೋಗಿ. ಇಲ್ಲಿ ಸೊನ್ನೆ ಇದ್ದರೆ ಅದೇ ಪಿಂಗನ್ನು 8.8.8.8ಕ್ಕೆ ಮಾಡಿ. ಅದು ಗೂಗಲ್‌ನ ಒಂದು ಸರ್ವರಿನ ವಿಳಾಸ, ಮನೆಯಿಂದ ಆಚೆ ಇರುವುದು. ಮೊದಲನೆಯದು ಸ್ವಚ್ಛ, ಎರಡನೆಯದರಲ್ಲಿ ಮತ್ತೆ ಮತ್ತೆ ಲಾಸ್ ಅಂದರೆ ತೊಂದರೆ ಬಹುಪಾಲು ರೂಟರಿನಿಂದ ಆಚೆ.

ರೂಟರನ್ನು ಒಂದು ಸಲ ಆಫ್ ಮಾಡಿ ಆನ್ ಮಾಡುವುದು ಸರಿ, ಆದರೆ ಅದರ ಹಿಂದಿರುವ ಸಣ್ಣ ರಿಸೆಟ್ ತೂತಿಗೆ ಪಿನ್ ಚುಚ್ಚಬೇಡಿ. ಲೈನಿನ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಬಹುದು. ವಿಂಡೋಸಿನ 'ನೆಟ್‌ವರ್ಕ್ ರಿಸೆಟ್' ಕೂಡ ಕೊನೆಯ ಅಸ್ತ್ರ, ವಿಪಿಎನ್ ಇದ್ದರೆ ಅದನ್ನು ಮತ್ತೆ ಕೂರಿಸಬೇಕಾದೀತು. ಫೈಬರ್ ವೈರನ್ನು ಬಿಗಿಯಾಗಿ ಮಡಚಿದ್ದರೆ ಸಡಿಲ ಮಾಡಿ, ಕಿತ್ತು ತುದಿಯನ್ನು ಕಣ್ಣ ಹತ್ತಿರ ಹಿಡಿಯಬೇಡಿ. ಬೆಳಕು ಕಾಣದಿದ್ದರೂ ಅದು ಲೇಸರ್.

ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವೋ? ಹಾಗಾದರೆ ಪ್ಲಾನಿನ ಸಣ್ಣ ಅಕ್ಷರ ಓದಿ. ಅನ್‌ಲಿಮಿಟೆಡ್ ಅಂದರೂ ಇಷ್ಟು ಜಿಬಿ ದಾಟಿದ ಮೇಲೆ ಸ್ಪೀಡ್ ಇಳಿಸುತ್ತೇವೆ ಅಂತ ಬರೆದಿರುತ್ತಾರೆ. ಹಲವು ಪ್ಲಾನ್‌ಗಳಲ್ಲಿ ಅದು 3300 ಜಿಬಿ, ಕೆಲವದರಲ್ಲಿ ತೀರ ಕಡಿಮೆ.

ಕಂಪನಿಗೆ ಹೇಳುವಾಗ

'ನೆಟ್ ಸ್ಲೋ ಇದೆ' ಅಂದರೆ 'ರೂಟರ್ ಆಫ್ ಮಾಡಿ ಆನ್ ಮಾಡಿ' ಅಂತಾರೆ. ಹೇಳುವ ರೀತಿ ಬದಲಾಯಿಸಿ. ಮೇಷ್ಟ್ರು ಮೂರು ದಿನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಟೆಸ್ಟ್ ಮಾಡಿ ತಾರೀಖು, ಗಂಟೆ, ನಂಬರು ಬರೆದಿಟ್ಟರು. ಹಾಜರಿ ಪುಸ್ತಕ ಬರೆದು ರೂಢಿ ಇರುವ ಕೈ, ಗೆರೆ ಹಾಕಿ ನೀಟಾಗಿ ಬರೆದಿದ್ದರು. ಆಮೇಲೆ ಫೋನಿನಲ್ಲಿ ಹೀಗೆ ಓದಿದರು: 'ವೈರಿನಲ್ಲೇ ಟೆಸ್ಟ್ ಮಾಡಿದ್ದೇನೆ. ಲಿಂಕ್ 1000 ಇದೆ. ರೂಟರ್‌ವರೆಗೆ ಪಿಂಗ್ ಲಾಸ್ ಸೊನ್ನೆ, ಆಚೆಗೆ ನೂರಕ್ಕೆ ಎಂಟು. ಮನುಷ್ಯರನ್ನು ಕಳಿಸಿ, ದೂರಿನ ನಂಬರ್ ಕೊಡಿ.'

ದೂರಿನ ನಂಬರನ್ನು ಅವರು 'ಡಾಕೆಟ್ ನಂಬರ್' ಅನ್ನುತ್ತಾರೆ. ಅದಿಲ್ಲದೆ ಫೋನ್ ಇಡಬೇಡಿ. ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ 2012ರ ನಿಯಮಗಳ ಪ್ರಕಾರ ದೂರಿಗೆ ಎರಡು ಹಂತ ಇದೆ. ಕಂಪನಿಯ ದೂರು ಕೇಂದ್ರದಲ್ಲಿ ಆಗದಿದ್ದರೆ ಅದೇ ಕಂಪನಿಯ ಅಪೀಲು ಅಧಿಕಾರಿಗೆ ಹೋಗಬಹುದು. ಅಲ್ಲಿಗೆ ಹೋಗಬೇಕೆಂದರೆ ಆ ನಂಬರ್ ಕೈಯಲ್ಲಿರಬೇಕು.

ಮೇಷ್ಟ್ರಿಗೆ ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ಮರುದಿನ ಇಬ್ಬರು ಹುಡುಗರು ಏಣಿ ತಂದು ಕಂಬಕ್ಕೆ ಹತ್ತಿದರು. ಫೈಬರ್ ಜೋಡಿಸಿದ ಡಬ್ಬಿಯ ಮುಚ್ಚಳ ಸಡಿಲವಾಗಿ, ಒಳಗೆ ಇರುವೆ ಗೂಡು ಕಟ್ಟಿತ್ತು. ಗೂಡು ತೆಗೆದು ಹೊಸದಾಗಿ ಜೋಡಿಸಿ, ಮುಚ್ಚಳಕ್ಕೆ ಟೇಪ್ ಸುತ್ತಿ ಇಳಿದರು. ಮೇಷ್ಟ್ರು ಅವರಿಗೆ ಕಾಫಿ ಕೊಟ್ಟು, ಅವರು ಕುಡಿದು ಮುಗಿಸುವವರೆಗೂ ಪಿಂಗ್ ಓಡಿಸಿದರು. ಲಾಸ್ ಸೊನ್ನೆ. ಅದನ್ನೂ ಪುಸ್ತಕದಲ್ಲಿ ಗಂಟೆ ಸಮೇತ ಬರೆದುಕೊಂಡರು.